ಹಾಡಿನ ಪತ್ತಾ

ಧೂಳಂದ್ರ ಏನು ಧೂಳು! ಚಿದ್ರಿಯ ವೈಜಿನಾಥನ ಮನಿಯಾಗ ಕಂಪ್ಯೂಟರ್ ಚಾಲೂ ಮಾಡಿದ್ರ ಹಿಟ್ಟಿನ ಗಿರಣಿ ತಿರುಗಿದಂಗ ಗುರುಗುಡತಿತ್ತು. ಅವ ಅದರ ಡಬ್ಬಿಯನ್ನ ಆಟೋದಾಗ ಹಾಕ್ಕೊಂಡು ಜಾವೀದನ ರಿಪೇರಿ ದುಕಾನಿಗೆ ಒಯ್ದ. "ಪೂರಾ ಸಾಫ್ ಮಾಡಿ ಕೊಡಪಾ," ಅಂದ.

"ಕಾಪಿ ತೆಗದಿಟ್ಟೀರೇನ್ರಿ, ಕಾಕಾ?"

"ಪೆನ್ ಡ್ರೈವ್‌ನಾಗ ಅದ. ನಾನೇ ತೆಗದೇನಿ!" ಅಂತ ವೈಜಿನಾಥ ಎದಿ ಉಬ್ಬಿಸಿದ. ಧೂಳು ಜಾಡಿಸಲಿಕ್ಕೆ ಕಾಪಿ ಯಾಕ ಬೇಕು ಅಂತ ಒಂದು ಮಾತು ಕೇಳಬಾರದೇನು ಈ ಮನುಷ್ಯ? ಕೇಳಲಿಲ್ಲ. ಅವ ಸಾಫ್ ಅಂದದ್ದು ಧೂಳಿಗೆ, ಜಾವೀದ ತಿಳ್ಕೊಂಡದ್ದು ಒಳಗಿದ್ದದ್ದೆಲ್ಲ ಅಳಿಸಲಿಕ್ಕೆ.

ಒಳಗ ಇದ್ದದ್ದು ಅವನ ಹೆಂಡತಿ ಚಂದ್ರಭಾಗಾನ ಹಾಡು. ಔರಾದ ಕಡಿ ಕುರಿ ಸಾಕೋ ಮನಿತನದಾಕಿ. ಜೋಗುಳ ಹಿಡಿದಳಂದ್ರ ಕೂಸು ಹಂಗಿರಲಿ, ದೊಡ್ಡವರೂ ತೂಕಡಿಸಬೇಕು. ಮಗಳು ಮೇಘಾ ಎಲ್ಲಾ ರಿಕಾರ್ಡ್ ಮಾಡಿ ಈ ಕಂಪ್ಯೂಟರಿನಾಗ ಇಟ್ಟಿದ್ದಳು. ಹೋದ ವರ್ಷ ಚಂದ್ರಭಾಗಾ ತೀರಿಕೊಂಡಳು. ಈಗ ಭಾಲ್ಕಿಯಾಗ ಮೇಘಾಗ ಹೆಣ್ಣು ಕೂಸು, ಐತವಾರ ತೊಟ್ಟಿಲ ಕಾರ್ಯ. "ಅವ್ವನ ಜೋಗುಳ ಕೇಳಿಸೇ ತೊಟ್ಟಿಲಿಗೆ ಹಾಕ್ತೇನಪ್ಪಾ. ಒಂದು ಕಾಪಿ ತೆಗದು ತಾ," ಅಂತ ಫೋನಿನಾಗ ಹೇಳಿದ್ದಳು.

ವೈಜಿನಾಥ ಡಬ್ಬಿ ತರಲಿಕ್ಕೆ ಹೋದಾಗ ಜಾವೀದ ಅವ ತಂದಿದ್ದ ಪೆನ್ ಡ್ರೈವ್ ಹಾಕಿ ನೋಡಿದ. 'ಅವ್ವನ ಹಾಡು' ಅಂತ ಹೆಸರೇನೋ ಬಂತು, ಒತ್ತಿದ್ರ ತೆರೀಲಿಲ್ಲ. ಜಾವೀದನ ಮಾರಿ ಸಣ್ಣದಾಯಿತು.

"ಕಾಕಾ, ನೀವು ಬರೀ ಶಾರ್ಟ್‌ಕಟ್ ಕಾಪಿ ಮಾಡೀರಿ. ಇದು ಹಾಡಿನ ಪತ್ತಾ ರೀ, ಬರೀ ವಿಳಾಸ, ಹಾಡಲ್ಲ. ಹಾಡಿದ್ದ ಮನಿ ನಾನು ಅಳಿಸಿಬಿಟ್ಟೇನಿ."

ವೈಜಿನಾಥ ಪೆನ್ ಡ್ರೈವ್ ಕಿತ್ತು ತಿರುಗಿಸಿ ಮುರುಗಿಸಿ ನೋಡಿದ. ಅಯ್ಯೋ ದೇವರೇ, ಮಗಳಿಗೆ ಯಾವ ಮಾರಿ ತೋರಿಸಲಿ? ಅಲ್ಲೇ ಸ್ಟೂಲಿನ ಮ್ಯಾಲ ಕುಸಿದು ಕುಂತ.

ಜಾವೀದ ಬ್ಯಾರೆ ಕೆಲಸ ಬದಿಗಿಟ್ಟು, ಅಳಿಸಿದ್ದನ್ನ ಕೆದಕಿ ತೆಗೀಲಿಕ್ಕೆ ಕುಂತ. ಸಾಲಾಗಿ ಹೆಸರು ಬಂದವು, ಒತ್ತಿದ್ರ ಬರೀ ಗರಗರ ಸಪ್ಪಳ. ಸಂಜಿ ಮುಂದ ಒಂದೇ ಒಂದು ತುಣುಕಿಗೆ ಜೀವ ಬಂತು. ಚಂದ್ರಭಾಗಾ ಜೋಗುಳದ ಮೊದಲ ಸಾಲು ಎತ್ತಿದಳು. ಅಷ್ಟರಾಗ ನಡುವ ಒಂದು ಗಡಸು ದನಿ, "ಸಾಕ್ ಮಾಡು ನಿನ್ನ ಗಾನಾ, ಮೊದಲ ಚಹಾ ಇಡು!" ಹಾಡು ನಿಂತಿತು. ಆಕಿ ನಕ್ಕಳು. "ಬಂದೆ ರೀ," ಅಂದಳು. ಅಲ್ಲಿಗೆ ಮುಗೀತು.

ಆ ಗಡಸು ದನಿ ವೈಜಿನಾಥನದೇ. ದುಕಾನಿನ ಮೇಜಿನ ಮ್ಯಾಲ ತಲಿ ಇಟ್ಟು, ಮಂದಿ ನೋಡ್ತಾರನ್ನೂದು ಸೈತ ಲೆಕ್ಕಿಸದೆ ಅತ್ತ.

ಜಾವೀದ ನೀರಿನ ಗ್ಲಾಸು ಮುಂದಿಟ್ಟು ಮೆಲ್ಲಕ ಕೇಳಿದ, "ನಿಮ್ಮ ಆವಾಜ್ ತೆಗದುಹಾಕಿ ಕೊಡ್ಲೇನ್ರಿ, ಕಾಕಾ? ಮಗಳಿಗೆ ಗೊತ್ತಾಗಂಗಿಲ್ಲ."

ವೈಜಿನಾಥ ಕಣ್ಣು ಒರಸಿಕೊಂಡ.

"ಬ್ಯಾಡಪಾ. ನಂದು ತೆಗದ್ರ, ಆಕಿ 'ಬಂದೆ ರೀ' ಅಂದದ್ದು ಯಾರಿಗೆ?"