ಇಟ್ಟಿಗೆ ಸುರಂಗದ ಸೋರಿಕೆ

ಬೆಟ್ಟದ ಕೆರೆಯಿಂದ ಮ್ಯಾಂಚೆಸ್ಟರ್ ಕಡೆಗೆ ನೀರು ತರುವ ಹಳೆಯ ಸುರಂಗಗಳಲ್ಲೊಂದು ಸೋರುತ್ತಿತ್ತು. ವಿಕ್ಟೋರಿಯಾ ರಾಣಿಯ ಕಾಲದಲ್ಲಿ ಇಟ್ಟಿಗೆ ಮತ್ತು ಸುಣ್ಣದ ಗಾರೆಯಲ್ಲಿ ಕಟ್ಟಿದ್ದು; ಪಂಪಿನ ಹಂಗಿಲ್ಲದೆ ಬರೀ ಇಳಿಜಾರಿನಲ್ಲಿ ನೀರು ಅಷ್ಟು ದೂರ ಹರಿದು ಬರುತ್ತಿತ್ತು. ಈಗ ಎಲ್ಲಿಂದಲೋ ಬೆಟ್ಟದ ಕೆಸರು ಒಳಗೆ ಇಳಿದು ನೀರು ಬಗ್ಗಡವಾಗತೊಡಗಿತ್ತು. 2014ರ ಶರತ್ಕಾಲದಲ್ಲಿ ಸುರಂಗವನ್ನು ಬರಿದು ಮಾಡಿದಾಗ ಒಳಗಿಳಿದ ತಂಡದಲ್ಲಿ ಶರ್ವಾಣಿಯೂ ಇದ್ದಳು. ದಾವಣಗೆರೆಯವಳು, ಶೆಫೀಲ್ಡಿನಲ್ಲಿ ಓದಿ ಇಂಗ್ಲೆಂಡಿನಲ್ಲೇ ಸಿವಿಲ್ ಎಂಜಿನಿಯರ್ ಆಗಿದ್ದಳು.

ಇಟ್ಟಿಗೆಗಳೇ ಸಡಿಲವಾಗಿವೆ, ಒಳಗೆಲ್ಲ ಉಕ್ಕಿನ ಕವಚ ಹೊದಿಸಬೇಕು ಎಂದು ತಂಡದ ಮುಖ್ಯಸ್ಥ ಗ್ರಹಾಂ ಮೊದಲೇ ತೀರ್ಮಾನಿಸಿದ್ದ. ಶರ್ವಾಣಿ ಗೋಡೆಯುದ್ದಕ್ಕೂ ಸುತ್ತಿಗೆಯಿಂದ ತಟ್ಟುತ್ತ ನಡೆದಳು. ಎಲ್ಲೆಡೆ ಇಟ್ಟಿಗೆ ಗಟ್ಟಿಯಾಗಿಯೇ ಸದ್ದು ಕೊಟ್ಟಿತು. ಒಂದು ತಿರುವಿನಲ್ಲಿ ಮಾತ್ರ ಯಾರೋ ಆಮೇಲೆ ಸಿಮೆಂಟಿನ ತೇಪೆ ಹಾಕಿದ್ದರು. ಅದು ಟೊಳ್ಳು. ತಪ್ಪು ಹಳೆಯ ಗೋಡೆಯದಲ್ಲ, ತೇಪೆಯದು ಎಂದು ಅವಳು ಮೀಟಿಂಗಿನಲ್ಲಿ ಹೇಳಿದಳು. ಗ್ರಹಾಂ ಸಿಡುಕಲಿಲ್ಲ; ತೋರಿಸಿಕೊಡು, ನೋಡೋಣ ಎಂದ.

ಮೀಟಿಂಗಿನ ವಿಷಯವನ್ನು ಅವಳು ಗಂಡ ಜೀವನ್‌ಗೆ ಮೆಸೇಜಿನಲ್ಲಿ ತಿಳಿಸಿದ್ದಳು; ಸಂಜೆ ಅವನು ಸಾಲ್ಫರ್ಡಿನ ಆಫೀಸಿನಿಂದ ಫೋನ್ ಮಾಡಿದ.

“ತಪ್ಪಾದ್ರೆ ಎಲ್ಲರೆದುರು ನಿನ್ನ ಹೆಸರು ಕೆಡುತ್ತೆ. ಯೋಚನೆ ಮಾಡಿದ್ಯಾ?”

“ಗೋಡೆ ಮುಟ್ಟಿ ನೋಡಿ ಬಂದಿದೀನಿ ಕಣೋ. ತಪ್ಪಾಗಲ್ಲ.”

ಮರುದಿನ, ನೀರು ಎಲ್ಲಿಂದ ಒಳಬರುತ್ತದೆಂದು ಕಾಣಲು, ಸುರಂಗದ ಮೇಲೆ ಬೆಟ್ಟದಲ್ಲಿ ಹರಿಯುವ ತೊರೆಗೆ ಅಪಾಯವಿಲ್ಲದ ಹಸಿರು ಬಣ್ಣ ಬೆರೆಸಲಾಯಿತು. ಶರ್ವಾಣಿ ಮತ್ತು ಗ್ರಹಾಂ ಒಳಗೆ ಕಾದರು. ಬೆಳಗೆಲ್ಲ ಏನೂ ಕಾಣಲಿಲ್ಲ. ಗ್ರಹಾಂ ಎದ್ದು ಹೊರಡುವುದರಲ್ಲಿದ್ದ. ಅಷ್ಟರಲ್ಲಿ ತೇಪೆಯ ಅಂಚಿನಲ್ಲಿ ಹಸಿರು ಗೆರೆಯೊಂದು ಮೂಡಿತು, ಆಮೇಲೆ ಸುತ್ತಲೂ ಜಿನುಗಿತು. ಆಚೀಚೆಯ ಇಟ್ಟಿಗೆಗಳ ಮೇಲೆ ಒಂದು ಹನಿ ಬಣ್ಣವೂ ಇರಲಿಲ್ಲ.

“ಒಡೆಸು,” ಎಂದ ಗ್ರಹಾಂ. “ನಿಂತು ನೀನೇ ಮಾಡಿಸು.”

ತೇಪೆ ಒಡೆದಾಗ ಹಿಂದೆ ಮಣ್ಣಿನ ಕೊಳವೆಯೊಂದು ಸಿಕ್ಕಿತು. ಬೆಟ್ಟದ ನೀರು ಸುರಂಗಕ್ಕೆ ನುಗ್ಗದೆ ಹೊರಗಿನಿಂದಲೇ ಇಳಿದುಹೋಗಲೆಂದು ಮೊದಲು ಕಟ್ಟಿದವರೇ ಅದನ್ನು ಇಟ್ಟಿದ್ದರು. ರಿಪೇರಿಯ ಸಿಮೆಂಟು ಅದರ ಬಾಯಿ ಮುಚ್ಚಿತ್ತು; ಹೋಗಲು ದಾರಿಯಿಲ್ಲದ ನೀರು ಕೆಸರಿನೊಂದಿಗೆ ತೇಪೆಯ ಅಂಚಿನಿಂದ ಒಳಗೆ ಜಿನುಗುತ್ತಿತ್ತು. ಶರ್ವಾಣಿ ಕೊಳವೆಯನ್ನು ಶುಚಿ ಮಾಡಿಸಿ, ಸುಣ್ಣದ ಗಾರೆಯಲ್ಲೇ ಇಟ್ಟಿಗೆ ಕಟ್ಟಿಸಿದಳು. ಮತ್ತೆ ಬಿಟ್ಟ ನೀರು ತಿಳಿಯಾಗಿ ಹರಿಯಿತು. ಉಕ್ಕಿನ ಕವಚದ ಮಾತು ಅಲ್ಲಿಗೇ ನಿಂತಿತು.

ಮುಂದಿನ ಸುರಂಗದ ತಂಡವನ್ನು ನಡೆಸುತ್ತೀಯಾ ಎಂದು ಗ್ರಹಾಂ ಕೇಳಿದ. ಅವಳು ಒಪ್ಪಿದಳು. ಒಳಗೆ ಇಳಿದು ನೋಡುವ ಮೊದಲು ಯಾರೂ ಏನನ್ನೂ ತೀರ್ಮಾನಿಸಬಾರದು ಎಂಬ ಷರತ್ತು ಹಾಕಿದಳು. ಗ್ರಹಾಂ ನಕ್ಕು, ಕೈ ಕುಲುಕಿದ.