ಒಂದರ ಕಂಬ

ಕೆರೆ ದಂಡೆಯ ನಡಿಗೆ ದಾರಿಯಲ್ಲಿ, ಗೇಟಿನಿಂದ ಸರಿಯಾಗಿ ಒಂದು ಕಿಲೋಮೀಟರಿಗೆ, ಒಂದು ಮರದ ಕಂಬವಿತ್ತು. ಅದನ್ನು ಮಾಡಿ ನೆಟ್ಟವನು ಪುರಸಭೆಯ ಬಡಗಿ. ಊರಿನವರು ಅದನ್ನು ಒಂದರ ಕಂಬ ಅನ್ನುತ್ತಿದ್ದರು. ಆಗ ಕೆರೆ ತುಂಬಿತ್ತು, ದಾರಿಯುದ್ದಕ್ಕೂ ನೆರಳಿತ್ತು, ಭಾನುವಾರ ದೋಣಿ ಹತ್ತಲು ಪರ ಊರಿನವರು ಸಾಲು ನಿಲ್ಲುತ್ತಿದ್ದರು. ಗೇಟಿನ ಮೇಲಿನ ‘ಬಾಳಲು ಹಿತವಾದ ಊರು’ ಎಂಬ ಹಲಗೆಯನ್ನು ಹೊಡೆದವನೂ ಬಡಗಿಯೇ. ಹಲಗೆ ಏರಿದ್ದೇ ತಡ, ಕೆರೆ ಇಳಿಯತೊಡಗಿತು. ಹಲಗೆಗೆ ನಾಚಿಕೆಯಿಲ್ಲ, ಈಗಲೂ ಅಲ್ಲೇ ಇದೆ.

ಈಗ ನೀರು ಅಂದರೆ ನಡುಗೆರೆಯಲ್ಲೊಂದು ಹಸಿರು ಗುಂಡಿ. ದೋಣಿಗಳು ಬಿರಿದ ಮಣ್ಣಿನ ಮೇಲೆ ಬೋರಲು ಬಿದ್ದಿವೆ. ಮರಗಳು ಒಂದೊಂದಾಗಿ ಒಣಗಿದವು, ಒಣಗಿದ್ದನ್ನೆಲ್ಲ ಬಡಗಿಯೇ ಕಡಿದ. ಬೆಳಗ್ಗೆ ಏಳಕ್ಕೆಲ್ಲ ಬಿಸಿಲು ನೆತ್ತಿ ಸುಡುತ್ತದೆ. ಹತ್ತು ಗಂಟೆಯ ಮೇಲೆ ಬೀದಿಯಲ್ಲಿ ನಾಯಿ ಕೂಡ ಕಾಣುವುದಿಲ್ಲ.

ಬಡಗಿಯ ಹೆಂಡತಿ ಊರಿಗೆ ಬಟ್ಟೆ ಹೊಲಿಯುವವಳು. ನಲವತ್ತು ವರ್ಷ ಮಿಷನ್ ತುಳಿದ ಕಾಲು ಗಟ್ಟಿಯಾಗಿಯೇ ಇತ್ತು, ಸೋತದ್ದು ಎದೆ. ಡಾಕ್ಟರಮ್ಮ ಹೇಳಿದ್ದು ಇಷ್ಟೇ: ಈ ಸೆಖೆ ಆಕೆಗೆ ಆಗದು, ದಿನಾ ಒಂದರ ಕಂಬದವರೆಗೆ ನಡೆಯುವಷ್ಟು ಶಕ್ತಿ ಇರುವವರೆಗೆ ಇಲ್ಲಿರಲಿ, ಆಗದ ದಿನ ತಂಪಿರುವ ಕಡೆ ಕಳಿಸಿಬಿಡಿ. ತಂಪಿರುವ ಕಡೆ ಅಂದರೆ ಬೆಟ್ಟದ ಮೇಲಿನ ಅವಳ ಅಕ್ಕನ ಒಂದೇ ಕೋಣೆಯ ಮನೆ. ಬಡಗಿ ಹೋಗಿ ಅಳೆದು ಬಂದಿದ್ದ. ಅಕ್ಕನ ಮಂಚದ ಪಕ್ಕ ಇನ್ನೊಂದು ಮಂಚ ಹಿಡಿಸುತ್ತಿತ್ತು, ಮೂರನೆಯದು ಹಾಕಿದರೆ ಬಾಗಿಲು ತೆರೆಯುತ್ತಿರಲಿಲ್ಲ. ಬೇರೆ ಬಾಡಿಗೆ ಕೋಣೆ ನೋಡೋಣವೆಂದರೆ ಬಯಲಿನವರೆಲ್ಲ ಸೆಖೆಗೆ ಹೆದರಿ ಅಲ್ಲಿಗೇ ಏರಿದ್ದರು, ಕೋಳಿಗೂಡು ಕೂಡ ಖಾಲಿಯಿರಲಿಲ್ಲ. ಹೋದರೆ ಅವಳೊಬ್ಬಳೇ ಹೋಗಬೇಕು.

ಮೊದಲ ಬೇಸಿಗೆ ಹೇಗೋ ಕಳೆಯಿತು. ಎರಡನೆಯ ಬೇಸಿಗೆಯಲ್ಲಿ ಒಂದು ದಿನ ಕಂಬ ಇನ್ನು ಇಪ್ಪತ್ತು ಹೆಜ್ಜೆ ಇದೆ ಅನ್ನುವಾಗ ಅವಳು ದಾರಿ ಬದಿಯ ಮರದ ಬೆಂಚು ಹಿಡಿದು ನಿಂತಳು. ಇವತ್ತಿಗೆ ಇಷ್ಟು ಸಾಕು ಅಂದಳು. ಅವತ್ತು ಮಧ್ಯಾಹ್ನ ಬಡಗಿ ಹಾರೆ ಹಿಡಿದು ಹೋಗಿ ಕಂಬ ಕಿತ್ತು, ಇಪ್ಪತ್ತೈದು ಹೆಜ್ಜೆ ಈಚೆಗೆ ನೆಟ್ಟ. ಕಳ್ಳರು ಎಲ್ಲ ಕಡೆ ಕತ್ತಲಿಗೆ ಕಾಯುತ್ತಾರೆ, ಈ ಊರಲ್ಲಿ ಸುಡುಬಿಸಿಲೇ ಸಾಕು. ಗುರುತಿಗೆ ಒಂದು ಮರವಾದರೂ ಇದ್ದಿದ್ದರೆ ಯಾರಾದರೂ ಕಂಡುಹಿಡಿಯುತ್ತಿದ್ದರೇನೋ.

ಮರುದಿನ ಅವಳು ಕಂಬ ಮುಟ್ಟಿದಳು. ಬಡಗಿಗೆ ಹೋದ ಜೀವ ಬಂದಂತಾಯಿತು. ಆಮೇಲೆ ಅದೇ ರೂಢಿಯಾಯಿತು. ಅವಳು ಎಲ್ಲಿ ಏದುಸಿರು ಬಿಡುತ್ತಾಳೋ ಅದಕ್ಕಿಂತ ನಾಲ್ಕು ಹೆಜ್ಜೆ ಈಚೆಗೆ ಕಂಬ ಬರುತ್ತಿತ್ತು, ಜೊತೆಗೆ ಬೆಂಚೂ ಬರುತ್ತಿತ್ತು. ಡಾಕ್ಟರಮ್ಮ ತಿಂಗಳಿಗೊಮ್ಮೆ ಕೇಳುತ್ತಿದ್ದರು, ಗಂಡಹೆಂಡತಿ ಒಟ್ಟಿಗೇ ಹೂಂ ಅನ್ನುತ್ತಿದ್ದರು. ಎರಡು ವರ್ಷದಲ್ಲಿ ಕಿಲೋಮೀಟರು ಅರ್ಧವಾಯಿತು.

ಇದರಿಂದ ಅತಿ ಹೆಚ್ಚು ಸಂತೋಷಪಟ್ಟವರು ನಿವೃತ್ತ ಹೆಡ್‌ಮಾಸ್ತರರು. ಅವರು ಕೈಗಡಿಯಾರ ನೋಡಿಕೊಂಡೇ ನಡೆಯುವವರು. ಹದಿನಾಲ್ಕು ನಿಮಿಷದ ದಾರಿಯನ್ನು ಎಂಟಕ್ಕೆ ಇಳಿಸಿದ್ದೇನೆ, ಸಕ್ಕರೆ ಬಿಟ್ಟ ಫಲ, ಎಂದು ಕ್ಷೌರದಂಗಡಿಯಲ್ಲಿ ಕೂತವರಿಗೆಲ್ಲ ಸಾರಿದರು. ಅವರ ಮಾತು ನಂಬಿ ಅರ್ಧ ಊರು ಸಕ್ಕರೆ ಬಿಟ್ಟಿತು. ಬಡಗಿ ಒಳಗೊಳಗೇ ನಕ್ಕ. ನಗಬಾರದಿತ್ತು.

ಒಂದು ಬೆಳಗ್ಗೆ ಹೆಡ್‌ಮಾಸ್ತರರು ಕಂಬದ ಹತ್ತಿರ ಸಿಕ್ಕಿ, ಇಷ್ಟು ಶಕ್ತಿ ಇಟ್ಟುಕೊಂಡು ಇಲ್ಲಿಗೇ ತಿರುಗುವುದು ಹೇಡಿತನ, ನಾಳೆಯಿಂದ ಕೆರೆಯ ಪೂರ್ತಿ ಸುತ್ತು ಎಂದರು. ಬಡಗಿಯ ನಾಲಿಗೆ ತುದಿಗೆ ನಿಜ ಬಂತು. ಆದರೆ ಪಕ್ಕದ ಬೆಂಚಿನಲ್ಲಿ ಹೆಂಡತಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ಬಿಸಿಲು ಜಾಸ್ತಿ ಇದೆ ಮೇಷ್ಟ್ರೇ," ಎಂದಷ್ಟೇ ಹೇಳಿದ.

ಮರುದಿನ ಹೆಡ್‌ಮಾಸ್ತರರು ಕೆರೆಯ ಆಚೆ ದಡದಲ್ಲಿ ಸಿಕ್ಕರು. ಬೋರಲು ದೋಣಿಯ ಗೇಣುದ್ದದ ನೆರಳಿಗೆ ತಲೆ ತೂರಿಸಿ ಬಿದ್ದಿದ್ದರು. ಗಡಿಯಾರ ನಡೆಯುತ್ತಿತ್ತು. ಜೀವ ಉಳಿಯಿತು, ಮಾತು ಹೋಯಿತು.

ಸಂಜೆ ಬಡಗಿ ಅವರನ್ನು ಆಸ್ಪತ್ರೆಯಲ್ಲಿ ನೋಡಿ ಬಂದಾಗ ಹೆಂಡತಿ ಮಿಷನ್ನಿಗೆ ಬಟ್ಟೆ ಹೊದಿಸುತ್ತಿದ್ದಳು.

"ಕಂಬ ಎಷ್ಟು ಸರಿಸಿದೀರಿ?" ಎಂದಳು.

ಬಡಗಿ ಚಪ್ಪಲಿ ಬಿಟ್ಟು ಹೊಸ್ತಿಲ ಮೇಲೆ ಕೂತ.

"ನಲವತ್ತು ವರ್ಷ ಈ ಊರಿನ ಸೊಂಟ ಅಳೆದವಳು ನಾನು. ನನ್ನ ಹೆಜ್ಜೆ ನನಗೆ ಗೊತ್ತಾಗಲ್ವಾ? ಮೊದಲನೇ ದಿನವೇ ಗೊತ್ತಾಯ್ತು."

"ಮತ್ತೆ ಯಾಕೆ ಸುಮ್ಮನಿದ್ದೆ?"

"ನಿಮ್ಮನ್ನ ಬಿಟ್ಟು ಹೋಗೋಕೆ ನನಗೇನು ಹಬ್ಬಾನಾ?" ಎಂದಳು. ಹೊದಿಕೆಯ ಅಂಚು ಎಳೆದು ಸರಿಮಾಡಿ, "ನಾವಿಬ್ಬರೂ ಸೇರಿ ಆ ಮನುಷ್ಯನ ಬಾಯಿ ಕಿತ್ತುಕೊಂಡ್ವಿ. ಅಕ್ಕನಿಗೆ ಫೋನ್ ಮಾಡಿದೀನಿ. ನಾನು ಬಸ್ಸು ಹತ್ತೋ ಮುಂಚೆ ಕಂಬ ಅದರ ಜಾಗದಲ್ಲಿ ಇರಬೇಕು," ಎಂದಳು.

ಬಡಗಿ ಅತ್ತ. ಗಂಡಸು ಅಳಬಾರದು ಅನ್ನುವವರು ಆ ಮನೆಯಲ್ಲಿ ಯಾರೂ ಇರಲಿಲ್ಲ.

ಮರುದಿನ ಕಂಬವನ್ನು ಕೈಗಾಡಿಯಲ್ಲಿ ಹೇರಿಕೊಂಡು ಹೋಗಿ, ಗೇಟಿನಿಂದ ಟೇಪು ಹಿಡಿದು ಅಳೆದು, ನಡುನಡುವೆ ಗಾಡಿಯ ಮೇಲೆಯೇ ಕೂತು ಸುಧಾರಿಸಿಕೊಂಡು, ಹಳೆಯ ಜಾಗದಲ್ಲಿ ನೆಟ್ಟ. ಅವಳು ಮನೆಯಲ್ಲಿ ಅವನ ಮೂರು ಪ್ಯಾಂಟುಗಳ ಹೊಲಿಗೆಯನ್ನೂ ಬಿಚ್ಚಿ ಕೂತಿದ್ದಳು. ಅವನನ್ನು ಎದುರಿಗೆ ನಿಲ್ಲಿಸಿ ಸೊಂಟಕ್ಕೆ ಟೇಪು ಸುತ್ತಿ, ಎರಡು ಇಂಚು ಇಳಿದಿದೀರಿ ಅಂದಳು. ಮೂರನ್ನೂ ಬಿಗಿ ಮಾಡಿ ಹೊಲಿದು ಮಡಿಸಿಟ್ಟಳು. ಬಸ್ಸಿನ ಕಿಟಕಿಯಿಂದ, ಹೊತ್ತಿಗೆ ಸರಿಯಾಗಿ ಊಟ ಮಾಡಿ, ಬೆಳಗಿನ ನಡಿಗೆ ಬಿಡಬೇಡಿ ಎಂದು ಎರಡು ಸಲ ಹೇಳಿದಳು.

ಅವಳ ಮಾತಿಗೆ ಕಟ್ಟುಬಿದ್ದು ಬಡಗಿ ಮರುದಿನ ಆರಕ್ಕೇ ಹೊರಟ. ಗೇಟಿನ ಹಲಗೆಯ ಕೆಳಗೆ ದಾಟಿ, ಒಂದೇ ಉಸಿರಿಗೆ ಮುಗಿಸಿ ಬರುತ್ತೇನೆ ಅಂದುಕೊಂಡಿದ್ದ. ಕಂಬ ಮೊನ್ನೆಯವರೆಗೆ ನಿಂತಿದ್ದ ಗುಂಡಿಯ ಹತ್ತಿರ ಬರುವಷ್ಟರಲ್ಲಿ ಕಾಲು ಭಾರವಾದವು. ಇನ್ನೂ ನೂರು ಹೆಜ್ಜೆಗೆ ಕಣ್ಣು ಕತ್ತಲಿಟ್ಟಿತು. ದಾರಿಯಂಚಿನಲ್ಲೇ ನೆಲಕ್ಕೆ ಕೂತ. ಎರಡು ವರ್ಷ ಅವಳ ಜೊತೆ ತಾನೂ ಅಷ್ಟೇ ದೂರ ನಡೆದದ್ದು ಆಗ ಹೊಳೆಯಿತು. ತನ್ನ ಏದುಸಿರು ಅವಳ ಏದುಸಿರಿನಲ್ಲಿ ಕೇಳಿಸಿರಲೇ ಇಲ್ಲ.

ಕಂಬ ದೂರದಲ್ಲಿ, ತನ್ನ ಸರಿಯಾದ ಜಾಗದಲ್ಲಿ, ಕಾಣುತ್ತಿತ್ತು. ಇವನಿಗಾಗಿ ಅದನ್ನು ನಾಲ್ಕು ಹೆಜ್ಜೆ ಈಚೆಗೆ ಸರಿಸುವವರು ಯಾರೂ ಇರಲಿಲ್ಲ. ಏಳಾಗುವ ಮುಂಚೆ ಎದ್ದು ಮನೆ ಕಡೆ ತಿರುಗಿದ.