ಭೋಗ್ಯದ ದುಡ್ಡು ಯಾರದು?

ಹರಿಹರದಲ್ಲಿ ಒಂದು ಮನೆಯ ಮೇಲೆ ಇನ್ನೊಂದು ಮನೆ ಕಟ್ಟಿ ಬೇರೆಯವರಿಗೆ ಬಿಟ್ಟವನಿಗೆ ಮತ್ತೊಂದರ ಆಸೆ ಹುಟ್ಟದೆ ಇರುತ್ತದೆಯೇ? ಹನುಮೇಶನಿಗೂ ಹುಟ್ಟಿತು. ಆಸೆ ತಪ್ಪಲ್ಲ. ಕರೂರು ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ದುಡಿಯುವ ಮನುಷ್ಯ, ಕೈಕಾಲು ಸೋತ ಕಾಲಕ್ಕೆ ಬಾಡಿಗೆ ಅಂತ ನಾಲ್ಕು ಕಾಸು ಬರಲಿ ಎಂದುಕೊಂಡರೆ ಯಾರು ಬೇಡ ಅಂದಾರು? ಆದರೆ ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ.

ಅವನ ಮೇಲಿನ ಮನೆಯಲ್ಲಿ ವೆಲ್ಡಿಂಗ್ ಕೆಲಸದ ಅಮ್ಜದ್‌ನ ಸಂಸಾರವಿತ್ತು. ಅಮ್ಜದ್ ತಿಂಗಳ ಬಾಡಿಗೆ ಕೊಡುತ್ತಿರಲಿಲ್ಲ. ಭೋಗ್ಯಕ್ಕೆ ಅಂತ ಮೂರು ಲಕ್ಷ ಒಟ್ಟಿಗೆ ಕೊಟ್ಟು ಬಂದಿದ್ದ. ಖಾಲಿ ಮಾಡುವಾಗ ಆ ಮೂರು ಲಕ್ಷವನ್ನು ಪೂರ್ತಿ ವಾಪಸ್ ಕೊಡಬೇಕು. ಅದು ಅವನ ಮಗಳ ನರ್ಸಿಂಗ್ ಓದಿಗೆಂದು ಕೂಡಿಟ್ಟ ಹಣ. ಹನುಮೇಶನ ಹೆಂಡತಿ ದುರ್ಗಾ ಅದನ್ನು ಬ್ಯಾಂಕಿನಲ್ಲಿ ಠೇವಣಿ ಇಡಿಸಿದ್ದಳು.

ಒಂದು ದಿನ ಬ್ರೋಕರ್ ಸಿದ್ದೇಶ್ ಬಂದ. ಕರೂರಿನ ಹತ್ತಿರ ಸಾಲಾಗಿ ನಾಲ್ಕು ಮನೆಗಳ ವಠಾರ ಮಾರಾಟಕ್ಕಿದೆ, ನಾಲ್ಕರಲ್ಲೂ ಜನ ತುಂಬಿದ್ದಾರೆ, ಮೂರು ಲಕ್ಷ ಅಡ್ವಾನ್ಸ್ ಕೊಟ್ಟರೆ ಸಾಕು, ಉಳಿದದ್ದಕ್ಕೆ ಬ್ಯಾಂಕ್ ಸಾಲ ಮಾಡಬಹುದು, ಸಾಲದ ಕಂತನ್ನು ಬಾಡಿಗೆಯೇ ಕಟ್ಟುತ್ತದೆ ಎಂದ. ಹನುಮೇಶ ಹೆಂಡತಿಯನ್ನೂ ಕೇಳದೆ ಹತ್ತು ಸಾವಿರ ಕೈಗಿಟ್ಟು ಮಾತು ಕೊಟ್ಟುಬಿಟ್ಟ.

"ಅಡ್ವಾನ್ಸಿಗೆ ಎಲ್ಲಿಂದ ತರ್ತೀರಿ?" ದುರ್ಗಾ ಹೊಲಿಗೆ ಯಂತ್ರ ನಿಲ್ಲಿಸಿ ಕೇಳಿದಳು.

"ಅಮ್ಜದನ ದುಡ್ಡು ಐತಲ್ಲ, ಸುಮ್ನೆ ಬ್ಯಾಂಕ್ನಾಗೆ ಕೊಳೀತಾ ಐತೆ."

"ಅವ್ರು ಖಾಲಿ ಮಾಡ್ತೀನಿ ಅಂದ್ರೆ?"

"ಇನ್ನೊಬ್ರನ್ನ ಭೋಗ್ಯಕ್ಕೆ ಹಾಕೋದು, ಅವ್ರ ದುಡ್ಡು ಇವನಿಗೆ ಕೊಡೋದು. ಊರಾಗೆ ಎಲ್ರೂ ಮಾಡೋದು ಇದೇಯ."

"ಅಂದ್ರೆ ಅವ್ರ ಟೋಪಿ ಇವ್ರಿಗೆ, ಇವ್ರ ಟೋಪಿ ಅವ್ರಿಗೆ. ಏನ್ರಿ, ನಿಮಗೆ ಫಿಟ್ಟರ್ ಕೆಲ್ಸ ಸಾಕಾಗಿ ಟೋಪಿ ಅಂಗಡಿ ಇಡಾಕೆ ಹೊಂಟೀರಾ?"

ಹನುಮೇಶನಿಗೆ ಸಿಟ್ಟು ಬಂತು. ಹೆಂಗಸರಿಗೆ ವ್ಯವಹಾರ ತಿಳಿಯುವುದಿಲ್ಲ ಎಂದ. ದುರ್ಗಾ ಜಗಳಕ್ಕೆ ನಿಲ್ಲಲಿಲ್ಲ. "ಹಂಗಾದ್ರೆ ವ್ಯವಹಾರ ತಿಳಿದ ಹೆಂಗಸನ್ನೇ ಕೇಳಾನ ನಡೀರಿ" ಎಂದು ಅವನನ್ನು ದಾವಣಗೆರೆಯ ಎಂ.ಸಿ.ಸಿ. ಬಡಾವಣೆಗೆ ಹೊರಡಿಸಿದಳು.

ಅಲ್ಲಿ ಶಾಂತಕುಮಾರಿ ಇದ್ದರು. ದುರ್ಗಾ ಅವರ ರವಿಕೆ ಹೊಲಿಯುತ್ತಿದ್ದಳು, ಹಾಗಾಗಿ ಪರಿಚಯ. ಕಾಲೇಜೊಂದರ ಕಚೇರಿಯಲ್ಲಿ ದಿನವಿಡೀ ಕೆಲಸ, ಸಂಜೆ ಸ್ಕೂಟರ್ ಹತ್ತಿ ತಮ್ಮ ಮನೆಗಳ ಕಡೆ ಒಂದು ಸುತ್ತು. ತಮ್ಮ ಮನೆಯ ಹಿತ್ತಲಿನಲ್ಲಿ ಒಂದು ಕೋಣೆ, ಅಡುಗೆಮನೆ ಕಟ್ಟಿಸಿ ಶುರು ಮಾಡಿದವರು, ಈಗ ಐದು ಸಣ್ಣ ಮನೆಗಳ ಒಡತಿ. ಒಂದರ ಸಾಲ ತೀರುವವರೆಗೆ ಇನ್ನೊಂದರ ಹೆಸರೆತ್ತಿದವರಲ್ಲ. ಅವರ ಮನೆ ಖಾಲಿಯಾಗುವುದೇ ಅಪರೂಪ. ಏಕೆಂದರೆ ನಲ್ಲಿ ಸೋರಿದರೆ ಬಾಡಿಗೆದಾರರು ಎರಡನೇ ಸಲ ಹೇಳಬೇಕಾಗಿರಲಿಲ್ಲ. ಇಂಥವರನ್ನು ಕಂಡರೆ ಕೈ ಮುಗಿಯಬೇಕು ಅನ್ನಿಸುತ್ತದೆ.

"ಬರ್ರಿ, ಕೂಡ್ರಿ" ಎಂದು ಚಹಾ ಕೊಟ್ಟು ಎಲ್ಲ ಕೇಳಿಸಿಕೊಂಡರು. ಬೈಯಲಿಲ್ಲ. "ಹನುಮೇಶಪ್ಪ, ಮನೆ ನೋಡೀಯೇನು?"

"ನೋಡೀನ್ರಿ ಅಕ್ಕಾರೆ. ಹೊರಗಿಂದ ನೋಡೀನಿ."

"ಒಳಗಿರೋ ಜನನ್ನ ಮಾತಾಡ್ಸಿದೀಯಾ? ಖಾತೆ ಯಾರ ಹೆಸ್ರಿಗೈತೆ? ಸಬ್ ರಿಜಿಸ್ಟ್ರಾರ್ ಆಫೀಸ್ನಾಗೆ ಇಸಿ, ಅಂದ್ರೆ ಋಣಭಾರ ಪತ್ರ ತೆಗೆಸಿ, ಮನೆ ಮೇಲೆ ಸಾಲ ಐತೇನು ಅಂತ ನೋಡೀಯೇನು?"

"ಅದೇನೂ ಮಾಡಿಲ್ರಿ" ಎಂದು ಹನುಮೇಶ ಒಪ್ಪಿಕೊಂಡ.

"ಇರ್ಲಿ ಬಿಡು. ಭಾನುವಾರ ನಾನೂ ಬರ್ತೀನಿ."

ಭಾನುವಾರ ಎಲ್ಲರೂ ವಠಾರಕ್ಕೆ ಹೋದರು. ಸಿದ್ದೇಶ್ ಗೋಡೆ ತೋರಿಸಿದ, ಬಣ್ಣ ತೋರಿಸಿದ, ತಿಂಗಳಿಗೆ ಹನ್ನೆರಡು ಸಾವಿರ ಬಾಡಿಗೆ ಎಲ್ಲೂ ಹೋಗಲ್ಲ ಎಂದ. ಶಾಂತಕುಮಾರಿ ತಲೆಯಾಡಿಸುತ್ತ ನೇರವಾಗಿ ನಲ್ಲಿಯ ಕಡೆ ನಡೆದರು. ಅಲ್ಲಿ ಆಶಾ ಎಂಬ ಹೆಣ್ಣುಮಗಳು ಕೊಡ ತುಂಬಿಸುತ್ತಿದ್ದಳು. ಮೊದಲು ನೀರು ದಿನಾ ಬರುತ್ತದೆಯೇ, ಮಳೆಗಾಲದಲ್ಲಿ ಚಾವಣಿ ಸೋರುತ್ತದೆಯೇ ಎಂದು ಮಾತಿಗೆಳೆದು ಆಮೇಲೆ, "ಬಾಡಿಗೆ ಎಷ್ಟು ಕೊಡ್ತೀಯವ್ವಾ?" ಎಂದರು.

"ಬಾಡಿಗೆ ಎಲ್ಲೈತ್ರಿ? ಇಲ್ಲಿ ನಾಲ್ಕು ಮನ್ಯೋರೂ ಭೋಗ್ಯಕ್ಕೆ ಇರೋರು."

ಹನುಮೇಶ ಸಿದ್ದೇಶನ ಕಡೆ ತಿರುಗಿದ. ಸಿದ್ದೇಶ್, "ಇವ್ರು ಹೋಗಿ ಹೊಸಬ್ರು ಬಂದ್ರೆ ಅಷ್ಟು ಬರ್ತೈತೆ ಅಂತ ನಾನು ಹೇಳಿದ್ದು" ಎಂದು ಗೊಣಗಿದ.

"ಇವ್ರು ಹೋಗ್ಬೇಕಾದ್ರೆ ಇವ್ರ ದುಡ್ಡು ಯಾರು ಕೊಡ್ಬೇಕು ಸಿದ್ದೇಶಪ್ಪ?" ಶಾಂತಕುಮಾರಿ ಕೇಳಿದರು. "ಭೋಗ್ಯಕ್ಕೆ ಬರಕೊಟ್ಟೋನು ಮನೆ ಮಾರಿ ಹೋಗ್ತಾನೆ. ಮನ್ಯಾಗಿರೋರು ತಗೊಂಡೋನ ಬಾಗ್ಲಿಗೇ ಬರ್ತಾರೆ."

ಆಶಾ ಕೊಡ ಕೆಳಗಿಟ್ಟಳು. ಅವಳ ಗಂಡನಿಗೆ ಮಲೆಬೆನ್ನೂರಿನ ಅಕ್ಕಿ ಗಿರಣಿಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲೇ ಮನೆ ಮಾಡೋಣ ಎಂದರೆ ಮಾಲೀಕನಿಂದ ಹಣ ವಾಪಸ್ ಬರುತ್ತಿಲ್ಲ. ಕಳೆದ ಯುಗಾದಿಯಿಂದ ಕೇಳುತ್ತಲೇ ಇದ್ದರು. ಗಂಡ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದ, ಅವಳು ಇಲ್ಲಿ ಕೂಸು ಕಟ್ಟಿಕೊಂಡು ಒಬ್ಬಳೇ.

"ಮಾಲೀಕ ಅಷ್ಟು ಮೋಸಗಾರನಾ?" ಹನುಮೇಶ ಕೇಳಿದ.

"ಮೋಸಗಾರ ಅಲ್ರಿ ಅಣ್ಣಾ, ಭಾಳ ಒಳ್ಳೇ ಮನುಷ್ಯ. ನಮ್ಮ ದುಡ್ಡಿಗೆ ಇನ್ನೊಂದು ಸೈಟು ತಗೊಂಡ. ಈಗ ಆ ಸೈಟು ಮಾರಾಟ ಆಗ್ವಲ್ದು, ನಮಗೆ ಕೊಡಾಕೆ ಅವನತ್ರ ಇಲ್ಲ. ನಮ್ಮನ್ನ ಕಂಡ್ರೆ ಅವನೇ ಸಂದಿ ಹಿಡಿದು ಹೋಗ್ತಾನೆ."

ಭಾಳ ಒಳ್ಳೇ ಮನುಷ್ಯ! ಹನುಮೇಶನಿಗೆ ಈ ಮಾತು ಚಪ್ಪಲಿ ಏಟಿಗಿಂತ ಜೋರಾಗಿ ತಾಗಿತು. ತಾನೂ ಒಳ್ಳೆಯವನೇ ಅಲ್ಲವೇ? ಮುಂದಿನ ವರ್ಷ ಅಮ್ಜದ್ ಮಗಳ ಫೀಸಿಗೆಂದು ಮೆಟ್ಟಿಲಿಳಿದು ಬಂದರೆ ತಾನೂ ಹೀಗೇ ಸಂದಿ ಹುಡುಕಬೇಕಾಗಿತ್ತಲ್ಲ!

"ನಮಗೆ ಈ ಮನೆ ಬ್ಯಾಡ" ಎಂದು ಸಿದ್ದೇಶನಿಗೆ ಅಲ್ಲೇ ಹೇಳಿಬಿಟ್ಟ. ಹತ್ತು ಸಾವಿರ ವಾಪಸ್ ಕೇಳಿದರೆ, ಮಾತು ತಪ್ಪಿದವರಿಗೆ ಅದು ಬರುವುದಿಲ್ಲ ಎಂದ ಸಿದ್ದೇಶ್. ನಿಜಕ್ಕೂ ಬರಲಿಲ್ಲ. "ದೀಪಾವಳಿಗೆ ನಿಮಗೆ ಹೊಸ ಅಂಗಿ ಇಲ್ಲ" ಎಂದು ದುರ್ಗಾ ಗಂಡನಿಗೆ ತೀರ್ಪು ಕೊಟ್ಟಳು.

ವಾಪಸ್ ಬರುವಾಗ ಅವನು ಶಾಂತಕುಮಾರಿಯವರನ್ನು ಕೇಳಿದ, "ಅಕ್ಕಾರೆ, ನಮ್ಮಂಥೋರು ಇನ್ನೊಂದು ಮನೆ ಮಾಡೋದು ಹೆಂಗೆ ಮತ್ತೆ?"

"ಯಾಕ ಆಗಲ್ಲ? ನಾನು ಮಾಡಿಲ್ವಾ? ಸಂಬಳದಾಗೆ ಉಳಿಸಿ ಅಡ್ವಾನ್ಸ್ ಕೂಡಿಸು. ಮನೆ ಮೂರು ತಿಂಗ್ಳು ಖಾಲಿ ಬಿದ್ರೂ ಕಂತು ಕಟ್ಟಾಕಾಗುವಷ್ಟೇ ಸಾಲ ಮಾಡು. ವರ್ಷಕ್ಕೆ ಒಂದು ತಿಂಗಳ ಬಾಡಿಗೆ ರಿಪೇರಿಗೆ ಅಂತ ಬ್ಯಾರೆ ಇಡು. ಬಾಡಿಗೆ ಕರಾರು ಬರೆಸದೆ ಸ್ವಂತ ತಮ್ಮನಿಗೂ ಬೀಗದಕೈ ಕೊಡಬ್ಯಾಡ. ತಡ ಆಗ್ತೈತೆ, ಆಗ್ಲಿ. ನನ್ನ ಐದು ಮನೆಗೆ ನನ್ನ ತಲೆಗೂದ್ಲು ಬೆಳ್ಳಗಾತು. ಆದ್ರೆ ಒಂದು ದಿನಾನೂ ಬಾಡಿಗೆದಾರರಿಗೆ ಹೆದ್ರಿ ದಾರಿ ಬದಲ್ಸಿಲ್ಲ."

ಹನುಮೇಶ ಹಾಗೆಯೇ ಮಾಡಿದ. ಮಗಳ ಕಾಲೇಜು ಶುರುವಾದಾಗ ಅಮ್ಜದ್ ಸಂಕೋಚದಿಂದ ಕೆಳಗಿಳಿದು ಬಂದು, "ಅಣ್ಣಾ, ಸ್ವಲ್ಪ ದುಡ್ಡು..." ಎನ್ನುವಷ್ಟರಲ್ಲಿ ದುರ್ಗಾ ಬ್ಯಾಂಕಿಗೆ ಹೊರಟು ನಿಂತಿದ್ದಳು. ಮೂರು ಲಕ್ಷವೂ ಪೂರ್ತಿ ಅವನ ಕೈ ಸೇರಿತು. ಅವನು ಮನೆ ಬಿಡಲೂ ಇಲ್ಲ, ಅಂದಿನಿಂದ ತಿಂಗಳ ಬಾಡಿಗೆಗೆ ಅದೇ ಮನೆಯಲ್ಲಿ ಉಳಿದ. ಆ ಬಾಡಿಗೆ, ದುರ್ಗಾಳ ಹೊಲಿಗೆ, ಹನುಮೇಶನ ಓವರ್‌ಟೈಮ್ ಎಲ್ಲ ಸೇರಿ ಈಗ ಹರಿಹರದಲ್ಲೇ ಎರಡು ಕೋಣೆಯ ಒಂದು ಪುಟ್ಟ ಮನೆ ಅವರದಾಗಿದೆ. ಕಾಗದಪತ್ರ ನೋಡಿಸಿದ ಮೇಲೆಯೇ ಕೊಂಡರು. ಹೊಸ ಮನೆ ಚಿಕ್ಕದಾಯಿತು, ಆದರೆ ಗಂಡ ಹೆಂಡತಿ ಇಬ್ಬರ ಮುಖದಲ್ಲೂ ಗೆಲುವಿದೆ.

ಅಕ್ಕಂದಿರೇ, ಅಣ್ಣಂದಿರೇ, ದುಡಿಯುತ್ತಲೇ ಒಂದೆರಡು ಬಾಡಿಗೆ ಮನೆ ಮಾಡಿಕೊಳ್ಳಬೇಕೆಂಬ ಆಸೆ ನಿಮಗಿದ್ದರೆ ಖಂಡಿತ ಮಾಡಿಕೊಳ್ಳಿ. ಖಾತೆ ನೋಡಿ, ಇಸಿ ತೆಗೆಸಿ, ಒಳಗಿರುವವರನ್ನು ಮಾತನಾಡಿಸಿ. ಅದಕ್ಕೂ ಮೊದಲು ನಿಮ್ಮನ್ನೇ ಒಂದು ಮಾತು ಕೇಳಿಕೊಳ್ಳಿ. ಭೋಗ್ಯಕ್ಕೆ ಇರುವವರು ನಾಳೆ ಬೆಳಿಗ್ಗೆ ನಿಮ್ಮ ಬಾಗಿಲಿಗೆ ಬಂದು ತಮ್ಮ ದುಡ್ಡು ಕೇಳಿದರೆ, ಒಳಗೆ ಕರೆದು ಕೂರಿಸಿ ಎಣಿಸಿ ಕೊಡಬಲ್ಲಿರಾ? ಕೊಡಬಲ್ಲಿರಾದರೆ ಮುಂದಿನ ಮನೆ ನೋಡಲು ಹೊರಡಿ. ಆಗದಿದ್ದರೆ ಮೊದಲು ಅವರ ದುಡ್ಡು ಕೂಡಿಸಿಡಿ.